ಬೆದ್‌ಗೆಲರ್ಟ್: ನಾಯಿಯ ಸಮಾಧಿ ಇರುವ ಊರು

ಅಮ್ಮನ ಜೊತೆ ಉತ್ತರ ವೇಲ್ಸ್‌ಗೆ ಹೋಗಿದ್ದೆ. ಸ್ನೋಡನ್ ಬೆಟ್ಟ ಹತ್ತುವುದು ಅವರಿಂದ ಆಗದು. ಹಾಗಾಗಿ ಅದರ ಬುಡದ ಕಡೆ ಇರುವ ಬೆದ್‌ಗೆಲರ್ಟ್ ಎಂಬ ಪುಟ್ಟ ಊರನ್ನು ಆರಿಸಿಕೊಂಡೆ. ಇಡೀ ಪ್ರವಾಸದಲ್ಲಿ ಅಮ್ಮ ಈಗಲೂ ನೆನೆಯುವುದು ಈ ಊರನ್ನೇ.

ಕಾರಿಲ್ಲದಿದ್ದರೂ ಚಿಂತೆಯಿಲ್ಲ. ಪೋರ್ತ್‌ಮಡೋಗ್‌ವರೆಗೆ ದೊಡ್ಡ ರೈಲು, ಅಲ್ಲಿಂದ ವೆಲ್ಷ್ ಹೈಲ್ಯಾಂಡ್ ರೈಲ್ವೆಯ ಪುಟಾಣಿ ಉಗಿಬಂಡಿ. ಹೋಗುವಾಗ ಎಡಗಡೆ ಕೂರಿ. ಅಬರ್‌ಗ್ಲಾಸ್ಲಿನ್ ಕಣಿವೆಯಲ್ಲಿ ನದಿ ಆ ಬದಿಗೇ ಸಿಗುತ್ತದೆ. ಚಳಿಗಾಲದಲ್ಲಿ ಈ ರೈಲು ಹೆಚ್ಚಿನ ದಿನ ಓಡುವುದಿಲ್ಲ, ವೇಳಾಪಟ್ಟಿ ನೋಡಿಯೇ ಹೊರಡಿ.

ಊರೊಳಗೆ ಎರಡು ಹೊಳೆಗಳು ಸೇರುತ್ತವೆ, ಗ್ಲಾಸ್ಲಿನ್ ಮತ್ತು ಕಾಲ್ವಿನ್. ಕಲ್ಲಿನ ಸೇತುವೆ, ಕಲ್ಲಿನ ಮನೆಗಳು. ಗ್ಲಾಸ್ಲಿನ್ ದಂಡೆ ಹಿಡಿದು ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ನಡೆದರೆ ಗೆಲರ್ಟ್ ಎಂಬ ನಾಯಿಯ ಸಮಾಧಿ. ಮರದ ಕೆಳಗೆ ಒಂದಿಷ್ಟು ಕಲ್ಲು, ಜೊತೆಗೆ ಕಥೆ ಕೆತ್ತಿದ ಸ್ಲೇಟ್ ಹಲಗೆಗಳು, ಒಂದು ವೆಲ್ಷ್‌ನಲ್ಲಿ, ಒಂದು ಇಂಗ್ಲಿಷ್‌ನಲ್ಲಿ.

ನಾನು ಅದನ್ನು ಓದಿ ಹೇಳಿದೆ. ರಾಜ ಲಿವೆಲಿನ್ ಬೇಟೆಯಿಂದ ಬರುತ್ತಾನೆ. ಮಗುವಿನ ತೊಟ್ಟಿಲು ಮಗುಚಿದೆ, ನಾಯಿಯ ಬಾಯೆಲ್ಲ ರಕ್ತ. ಕತ್ತಿಯಿಂದ ತಿವಿದುಬಿಡುತ್ತಾನೆ. ಆಮೇಲೆ ಮಗುವಿನ ಅಳು ಕೇಳಿಸುತ್ತದೆ, ಪಕ್ಕದಲ್ಲಿ ಸತ್ತ ತೋಳ ಕಾಣುತ್ತದೆ.

"ಇದು ನಮ್ಮ ಮುಂಗುಸಿ ಕಥೆ ಅಲ್ವೇನೋ?" ಎಂದರು ಅಮ್ಮ. ಹೌದು, ಪಂಚತಂತ್ರದ ಅದೇ ಕಥೆ. ತೋಳದ ಜಾಗದಲ್ಲಿ ಹಾವು, ಅಷ್ಟೇ.

ಈ ಸಮಾಧಿ 18ನೇ ಶತಮಾನದ ಕೊನೆಯಲ್ಲಿ, ಇಲ್ಲಿನ ರಾಯಲ್ ಗೋಟ್ ಹೋಟೆಲಿನ ಡೇವಿಡ್ ಪ್ರಿಚರ್ಡ್ ಮುಂದೆ ನಿಂತು ಮಾಡಿಸಿದ್ದೆಂದು ಹೇಳುತ್ತಾರೆ. ಊರಿನ ಹೆಸರು ಬಂದದ್ದು ಬಹುಶಃ ನಾಯಿಯಿಂದಲ್ಲ, ಕೆಲರ್ಟ್ ಎಂಬ ಹಳೆಯ ಸಂತನಿಂದ. ಇದನ್ನೂ ಅಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿ, ಕಲ್ಲುಗಳ ಮುಂದೆ ಸುಮ್ನೆ ನಿಂತೇ ಇದ್ದರು. ನನಗೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ನೀವೂ ಇಲ್ಲಿ ಅವಸರ ಮಾಡಬೇಡಿ.

ಹತ್ತಿರದ ಸೇಂಟ್ ಮೇರಿ ಚರ್ಚ್ ಹಳೆಯ ಮಠವೊಂದರ ಉಳಿಕೆ. ಕೆಲವು ಭಾಗ 13ನೇ ಶತಮಾನದ್ದು. ಮಳೆ ಬಂದರೆ ಸಿಗನ್ ತಾಮ್ರದ ಗಣಿಗೆ ಹೋಗಬಹುದು. 1903ರಲ್ಲಿ ಮುಚ್ಚಿದ್ದ ಗಣಿ ಅದು, ಈಗ ಪ್ರವಾಸಿಗರಿಗೆ ತೆರೆದಿದೆ. ಒಳಗೆ ಮೆಟ್ಟಿಲು ಜಾಸ್ತಿ, ತಂಪೂ ಜಾಸ್ತಿ. ಮಂಡಿ ನೋವಿರುವವರಿಗೆ ಬೇಡ.

ಮಳೆ ಕೋಟು, ಹಿಡಿತವಿರುವ ಶೂ ಬೇಕೇ ಬೇಕು. ಕಣಿವೆಯ ಮೀನುಗಾರರ ದಾರಿಯಲ್ಲಿ ಒದ್ದೆ ಬಂಡೆ ಜಾರುತ್ತದೆ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಸಂಜೆ ಬಸ್ಸುಗಳು ತೀರಾ ಕಡಿಮೆ. ಬಂದಿಳಿದ ಕೂಡಲೇ ಕೊನೆಯ ಬಸ್ಸಿನ ಹೊತ್ತನ್ನು ಬರೆದಿಟ್ಟುಕೊಳ್ಳಿ.