ಹಳೆ ತೋಟದ ಗೋಡೆಗೆ ಸುಣ್ಣದ ಗಾರೆ

ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಬಂಗಲೆಗಳಲ್ಲಿ ಹಣ್ಣು, ತರಕಾರಿ ತೋಟದ ಸುತ್ತ ಎತ್ತರದ ಇಟ್ಟಿಗೆ ಗೋಡೆ ಇರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಬಿಸಿ ಬಿಡುತ್ತದೆ; ಪೀಚ್, ಏಪ್ರಿಕಾಟ್ ಹಬ್ಬಿಸುವುದು ಅದರ ಮೇಲೆಯೇ. ಇಂಥ ಗೋಡೆಯ ರಿಪೇರಿಗೆ ನಿಂತರೆ ಬೆಳಗಿನ ಹೊತ್ತೆಲ್ಲ ಹಿಂದಿನವರು ಮೆತ್ತಿಹೋದ ಸಿಮೆಂಟ್ ಕೀಳುವುದಕ್ಕೇ ಹೋಗುತ್ತದೆ.

ಹಳೆ ಇಟ್ಟಿಗೆ ಮೆದು. ಒಳಗಿಳಿದ ನೀರು ಇಟ್ಟಿಗೆಗಳ ನಡುವೆ ಸುಣ್ಣದ ಗಾರೆ ತುಂಬಿದ ಸಂದಿನಿಂದ ಆರಿಹೋಗಬೇಕು. ಅಲ್ಲಿ ಸಿಮೆಂಟ್ ತುಂಬಿದರೆ ನೀರು ಇಟ್ಟಿಗೆಯಲ್ಲೇ ನಿಂತು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖ ಹಪ್ಪಳದಂತೆ ಎದ್ದುಬರುತ್ತದೆ. ಕೆಡುವುದಾದರೆ ಗಾರೆ ಕೆಡಲಿ, ಮತ್ತೆ ತುಂಬಬಹುದು.

ಕೀಳಲು ಸಪೂರ ಉಳಿ, ಸುತ್ತಿಗೆ ಸಾಕು. ಗ್ರೈಂಡರ್ ಜಾರಿದರೆ ಇಟ್ಟಿಗೆಯ ಅಂಚಿಗೆ ಗೀರು ಖಾಯಂ. ಸುಮಾರು 25 ಮಿ.ಮೀ. ಆಳ ಬಿಡಿಸಬೇಕು. ಗಿಡ ಕಟ್ಟಲು ಹೊಡೆದ ಹಳೆ ಮೊಳೆಗಳು ತುಕ್ಕು ಹಿಡಿದು ಉಬ್ಬಿರುತ್ತವೆ. ಮೀಟಿದರೆ ಇಟ್ಟಿಗೆಯ ಮೂಲೆ ಹಾರುತ್ತದೆ. ಸುತ್ತಲ ಗಾರೆ ಬಿಡಿಸಿ, ಇಕ್ಕಳದಿಂದ ತಿರುಗಿಸಿ ಎಳೆಯಬೇಕು.

ಕೆಲವು ಗೋಡೆ ಒಳಗೆ ಟೊಳ್ಳು. ವೋರ್ಸ್ಟರ್‌ಶೈರ್‌ನ ಕ್ರೂಮ್ ಕೋರ್ಟ್‌ನಲ್ಲಿ 1806ರ ಸುಮಾರಿಗೆ ಕಟ್ಟಿದ 13 ಅಡಿ ಎತ್ತರದ ಗೋಡೆಗೆ ಐದು ಒಲೆಗಳಿಂದ ಬಿಸಿ ಹಾಯಿಸುತ್ತಿದ್ದರು. ಉಳಿ ತಟ್ಟುವಾಗ ಸದ್ದು ಬದಲಾಗಿ ಸಂದಿನಿಂದ ಮಸಿ ಉದುರಿದರೆ ಒಳಗೆ ಹೊಗೆದಾರಿ ಇದೆಯೆಂದೇ ಲೆಕ್ಕ. ಅಲ್ಲಿ ತೆಳು ಗಾರೆ ಸುರಿಯಬಾರದು, ಎಷ್ಟು ಸುರಿದರೂ ನುಂಗುತ್ತದೆ.

ಮಧ್ಯಾಹ್ನ ತುಂಬುವ ಕೆಲಸ. 3.5 ದರ್ಜೆಯ ಹೈಡ್ರಾಲಿಕ್ ಸುಣ್ಣ (ನೀರು ಬೆರೆತರೆ ಬಿಗಿಯುವ ಸುಣ್ಣ) ಒಂದು ಪಾಲು, ತೊಳೆದ ಒರಟು ಮರಳು ಎರಡೂವರೆ ಪಾಲು. ಇಟ್ಟಿಗೆ ತೀರಾ ಮೆದುವಾದರೆ ಅದಕ್ಕಿಂತ ಮೆದುವಾದ 2ರ ದರ್ಜೆಯೇ ಸರಿ. ನೀರು ಕಮ್ಮಿ, ಉಂಡೆ ಕಟ್ಟಿದರೆ ನಿಲ್ಲಬೇಕು, ಕೈಗೆ ಅಂಟಬಾರದು. ಮೊದಲು ಸಂದನ್ನು ಚೆನ್ನಾಗಿ ನೆನೆಸಬೇಕು. ಒಣ ಇಟ್ಟಿಗೆ ಗಾರೆಯ ನೀರು ಹೀರಿಕೊಂಡರೆ ಗಾರೆ ಪುಡಿಯಾಗುತ್ತದೆ. ಸಂದಿನಷ್ಟೇ ಅಗಲದ ಪಟ್ಟಿಯಿಂದ ಒಳಗೊತ್ತಿ, ಸವೆದ ಅಂಚಿಗಿಂತ ತುಸು ಹಿಂದೆಯೇ ನಿಲ್ಲಿಸಬೇಕು. ಅಂಚಿನ ಮೇಲೆ ತೆಳುವಾಗಿ ಹರಡಿದ ಗಾರೆ ಮೊದಲ ಹಿಮಕ್ಕೇ ಉದುರುತ್ತದೆ.

ಹೆಬ್ಬೆರಳು ಒತ್ತಿದರೂ ಗುರುತು ಬೀಳದಷ್ಟು ಬಿಗಿದ ಮೇಲೆ ಬಿರುಸು ಬ್ರಷ್‌ನಿಂದ ಕುಟ್ಟಬೇಕು. ಮೇಲಿನ ಕೆನೆ ಹೋಗಿ ಮರಳಿನ ಕಾಳು ಕಾಣುತ್ತದೆ. ಅವಸರಪಟ್ಟು ಕುಟ್ಟಿದರೆ ಇಟ್ಟಿಗೆಗೆಲ್ಲ ಬಿಳಿ ಕಲೆ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ವಾರವಾದರೂ ತೇವ ಕಾಯಬೇಕು. 5 ಡಿಗ್ರಿಗಿಂತ ಕೆಳಗೆ ಕೆಲಸವೇ ಬೇಡ.

ಇಷ್ಟಕ್ಕೂ ಮೊದಲು ಏಣಿ ಹತ್ತಿ ಗೋಡೆಯ ತಲೆಗಲ್ಲು ನೋಡಿರಬೇಕು. ಅದು ಬಿರಿದಿದ್ದರೆ ಮಳೆನೀರು ಮೇಲಿನಿಂದಲೇ ಇಳಿದು ಹೊಸ ಗಾರೆಯನ್ನೂ ಕೆಡಿಸುತ್ತದೆ.