ನಟ್ ಇಲ್ಲದ ಬೋಲ್ಟ್

ಬೆಳಗ್ಗೆ ನೋಡಿದ ಒಂದು ಫೋಟೋ ಇನ್ನೂ ಕಣ್ಣಮುಂದಿದೆ. ಅಮೆರಿಕದಲ್ಲಿ ಟೊರ್ನಾಡೊ (ಭಾರಿ ಸುಂಟರಗಾಳಿ) ಹೊಡೆದ ಮನೆ. ಉಳಿದಿರೋದು ಕಾಂಕ್ರೀಟ್ ತಳ, ಅದರಲ್ಲಿ ನೆಟ್ಟಗೆ ನಿಂತ ಆಂಕರ್ ಬೋಲ್ಟ್, ಅಂದ್ರೆ ಮನೆಯನ್ನು ತಳಕ್ಕೆ ಬಿಗಿಯೋ ಬೋಲ್ಟ್.

ನಟ್ ಇಲ್ಲ, ವಾಷರ್ ಇಲ್ಲ. ಥ್ರೆಡ್ ಮಾತ್ರ ಹೊಸದರ ಹಾಗಿದೆ.
ಗಾಳಿ ಕಿತ್ತಿದ್ದಲ್ಲ, ಕಟ್ಟುವಾಗಲೇ ಹಾಕಿಲ್ಲ!

ಗುಡಿಸಿದ ಹಾಗೆ ಮನೆ ಹೋಗಿದ್ರೂ ಹಾನಿ ನೋಡೋಕೆ ಬರೋ ಸರ್ವೆಯವರು ತಕ್ಷಣ ಇಎಫ್5 (ಟೊರ್ನಾಡೊ ರೇಟಿಂಗಿನ ಅತಿ ಮೇಲಿನ ಹಂತ) ಅಂತ ಬರೆಯಲ್ಲ. ಅದಕ್ಕೆ ಗಾಳಿ ಗಂಟೆಗೆ 322 ಕಿ.ಮೀ. ದಾಟಿರಬೇಕು. ಆ ವೇಗ ಅಳೆದದ್ದಲ್ಲ, ಮುರಿದದ್ದನ್ನು ನೋಡಿ ಅಂದಾಜು ಮಾಡಿದ್ದು. ನಟ್ ಇಲ್ಲದ ಮನೆ ಕಡಿಮೆ ಗಾಳಿಗೇ ಹಾರುತ್ತೆ, ರೇಟಿಂಗೂ ಇಳಿಯುತ್ತೆ.

ಆಮೇಲೆ ಅವರು ಬಿದ್ದ ಮರಗಳನ್ನೂ ನೋಡ್ತಾರೆ. ಬೀಸಣಿಗೆ ಥರ ಹೊರಕ್ಕೆ ಹರಡಿ ಬಿದ್ದಿದ್ರೆ ಮೋಡದಿಂದ ಕೆಳಗೆ ಅಪ್ಪಳಿಸಿದ ಗಾಳಿ. ಎರಡೂ ಬದಿಯಿಂದ ನಡುಗೆರೆಗೆ ವಾಲಿದ್ರೆ ಟೊರ್ನಾಡೊ.

ಆದ್ರೂ ಮನಸ್ಸು ಆ ಬೋಲ್ಟ್ ಹತ್ರಾನೇ ಇದೆ. ಒಂದು ನಟ್, ಒಂದು ವಾಷರ್. ಸಂಕಟ ಆಗುತ್ತೆ ಕಣ್ರೀ.