ಮೀಟಿಂಗ್ ನಡೆಯಿತು, ವಾಕ್ ಮಾಡಲಿಲ್ಲ

ಸಂಜೆಯ ಇಂಗ್ಲಿಷ್ ತರಗತಿಗೆ ಬರುವವರು ಮಕ್ಕಳಲ್ಲ. ದಿನವೆಲ್ಲ ದುಡಿದು, ಮುಖ ತೊಳೆದುಕೊಂಡು ಬಂದು ಕೂರುವ ದೊಡ್ಡವರು. ಅವರಿಗೆ ವ್ಯಾಕರಣದ ಹೆಸರುಗಳು ಬೇಡ, ನಾಳೆ ಬೆಳಿಗ್ಗೆ ಬಾಯಿಗೆ ಬರುವಂಥ ವಾಕ್ಯ ಬೇಕು. ಅವತ್ತಿನ ಪಾಠ ಭೂತಕಾಲ. 'ವಾಕ್' ಅನ್ನುವ ಕ್ರಿಯಾಪದ ಎಲ್ಲರಿಗೂ ಗೊತ್ತಿರುವಂಥದ್ದು, ರೂಪವೂ ನೆಟ್ಟಗೆ ಬದಲಾಗುತ್ತದೆ. ಅದನ್ನೇ ಬೋರ್ಡ್ ಮೇಲೆ ಬರೆದು, ಒಬ್ಬೊಬ್ಬರು ಒಂದೊಂದು ವಾಕ್ಯ ಮಾಡಿ ಅಂದೆ.

ಗೋದಾಮಿನ ಲೆಕ್ಕ ನೋಡಿಕೊಳ್ಳುವವರೊಬ್ಬರು ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. 'ದ ಮೀಟಿಂಗ್ ವಾಕ್ಡ್ ಫಾರ್ ಟೂ ಅವರ್ಸ್.'

ಪಕ್ಕದವರು ಕಿಸಕ್ಕನೆ ನಕ್ಕರು. ಬರೆದವರಿಗೆ ಏನೂ ಅರ್ಥವಾಗಲಿಲ್ಲ. "ಯಾಕೆ ಮೇಡಂ, ಮೀಟಿಂಗ್ ಎರಡು ಗಂಟೆ ನಡೀತಲ್ಲ?"

ನಡೀತು, ನಿಜ. ಕನ್ನಡದಲ್ಲಿ ನಡೆಯದೆ ಇರುವುದಾದರೂ ಯಾವುದು? ಮದುವೆ ನಡೆಯುತ್ತದೆ, ಜಗಳ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ, ಹೇಗೋ ಸಂಸಾರವೂ ನಡೆಯುತ್ತದೆ. ಪೆನ್ನಿಲ್ಲದಿದ್ದರೆ ಪೆನ್ಸಿಲ್ ನಡೆಯುತ್ತದೆ. 'ನಿನ್ನಾಟ ನನ್ನ ಹತ್ತಿರ ನಡೆಯಲ್ಲ' ಅನ್ನುತ್ತೇವೆ. ಕೊಟ್ಟ ಮಾತನ್ನು ನಡೆಸಿಕೊಡುತ್ತೇವೆ. ಒಬ್ಬರ ಯೋಗ್ಯತೆ ಅಳೆಯುವುದೂ ಅವರ ನಡತೆಯಿಂದ, ನಡೆ-ನುಡಿಯಿಂದ. ಇಷ್ಟರಲ್ಲಿ ಎಲ್ಲಿಯೂ ಕಾಲಿನ ಸುದ್ದಿಯೇ ಇಲ್ಲ. ಕಾಲಿನಿಂದಲೇ ನಡೆದದ್ದು ಅಂತ ಒತ್ತಿ ಹೇಳಬೇಕಾದರೆ ನಾವು 'ಕಾಲ್ನಡಿಗೆ' ಅಂತ ಕಾಲನ್ನು ಬೇರೆ ಸೇರಿಸಬೇಕು.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಮೀಟಿಂಗ್ ಎರಡು ಗಂಟೆ 'ಲಾಸ್ಟ್' ಆಗುತ್ತದೆ, ಅಥವಾ 'ಗೋ ಆನ್' ಆಗುತ್ತದೆ. ಮದುವೆ 'ಟೇಕ್ಸ್ ಪ್ಲೇಸ್'. ಪೆನ್ಸಿಲ್ 'ವಿಲ್ ಡೂ'. ವ್ಯಾಪಾರವಂತೂ ನಡೆಯುವುದೇ ಇಲ್ಲ, ಓಡುತ್ತದೆ: 'ರನ್ನಿಂಗ್ ಎ ಬಿಸ್‌ನೆಸ್'. ಗೈಡುಗಳಲ್ಲಿ 'ವಾಕ್ = ನಡೆ' ಅಂತ ಸಮ ಚಿಹ್ನೆ ಹಾಕಿಬಿಡುತ್ತಾರಲ್ಲ, ನನ್ನ ತಕರಾರು ಆ ಎರಡು ಗೆರೆಗಳ ಮೇಲೆ. ಗೋದಾಮಿನವರ ವಾಕ್ಯದಲ್ಲಿ ವ್ಯಾಕರಣ ಸರಿಯಿತ್ತು, ಕಾಲವೂ ಸರಿಯಿತ್ತು. ಅವರು ಆ ಸಮ ಚಿಹ್ನೆಯನ್ನು ನಂಬಿದ್ದರು, ಅಷ್ಟೆ.

ಉಚ್ಚಾರಣೆಯನ್ನೂ ಅಲ್ಲೇ ಮುಗಿಸಿದೆ. 'ಟಾಕ್', 'ಚಾಕ್'ಗಳಲ್ಲಿ ಇರುವಂತೆ ಇಲ್ಲೂ 'ಎಲ್' ಬಾಯಿ ಬಿಡುವುದಿಲ್ಲ. ಭೂತಕಾಲದಲ್ಲಿ ಬರೆಯುವುದು 'ಡಿ' ಆದರೂ ಕೇಳಿಸುವುದು 'ಟ್'. ಹಿಂದಿರುವ ಕ-ಕಾರ ಅಘೋಷ, ಅಂದರೆ ಗಂಟಲು ಕಂಪಿಸದೆ ಹೊರಡುವ ಧ್ವನಿ, ಹಾಗಾಗಿ ಅದರ ಬೆನ್ನಿಗೆ ಬರುವ ಡ-ಕಾರ ಟ-ಕಾರವಾಗುತ್ತದೆ: 'ವಾಕ್ಟ್'. ಇನ್ನು 'ವಾಕ್', 'ವರ್ಕ್' ಎರಡೂ ಒಂದೇ ಥರ ಕೇಳಿಸುವವರಿಗೆ ಸ್ವಲ್ಪ ದಿನ ಬೇಕು. 'ಐ ವಾಕ್ ಇನ್ ಎ ಬ್ಯಾಂಕ್' ಅಂದರೆ ಕಾವಲಿನವರು ನಮ್ಮನ್ನೇ ನೋಡುತ್ತಾರೆ.

ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. "ಮೇಡಂ, ನಮ್ಮ ಮ್ಯಾನೇಜರ್ 'ಐ ವಿಲ್ ವಾಕ್ ಯೂ ಥ್ರೂ ದ ಫಾರ್ಮ್' ಅಂದ್ರು. ನಾನು ಬ್ಯಾಗ್ ತಗೊಂಡು ಎದ್ದು ನಿಂತೆ. ಅವರು ಕೂತೇ ಇದ್ರು."

ತರಗತಿಗೆ ತರಗತಿಯೇ ನಕ್ಕಿತು, ಅವಳೂ ನಕ್ಕಳು. ಭೂತಕಾಲದ ಪಾಠವನ್ನು ನಾನು ಬಿಟ್ಟದ್ದು ಅಲ್ಲಿಯೇ. ಮ್ಯಾನೇಜರ್ ಹೇಳಿದ್ದು, ಫಾರ್ಮಿನ ಮೊದಲ ಕಾಲಮ್ಮಿನಿಂದ ಕೊನೆಯದರವರೆಗೆ ಒಂದೊಂದಾಗಿ ತೋರಿಸಿ ವಿವರಿಸುತ್ತೇನೆ ಅಂತ. ಕೈಹಿಡಿದು ನಡೆಸುವುದು ಅಂತ ನಮ್ಮಲ್ಲೂ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಇದರಲ್ಲಿ ಗಮನಿಸಬೇಕಾದದ್ದು 'ವಾಕ್' ಆದ ಮೇಲೆ ನೇರವಾಗಿ ಒಬ್ಬರು ಬಂದು ನಿಂತಿರುವುದನ್ನು. ಹಾಗೆ ಯಾರಾದರೂ ಬಂದು ನಿಂತರೆ ಅರ್ಥ 'ಜೊತೆಗೆ ಹೋಗು' ಅನ್ನುವ ಕಡೆ ತಿರುಗುತ್ತದೆ. 'ವಾಕ್ ದ ಡಾಗ್' ಅಂದರೆ ನಾಯಿಯನ್ನು ಸುತ್ತಾಡಿಸಿಕೊಂಡು ಬರುವುದು. 'ಐ ವಿಲ್ ವಾಕ್ ಯೂ ಹೋಮ್' ಅಂದರೆ ಮನೆಯವರೆಗೂ ಬಿಟ್ಟು ಬರುತ್ತೇನೆ. ಗಾಡಿಯಲ್ಲಿ ಬಿಡುವುದಾದರೆ 'ಡ್ರಾಪ್' ಆಗುತ್ತದೆ, ನಡೆದೇ ಹೋಗುವುದಾದರೆ ಮಾತ್ರ 'ವಾಕ್'. ನಮ್ಮ 'ಬಿಟ್ಟು ಬರ್ತೀನಿ'ಗೆ ಗಾಡಿಯೋ ಕಾಲೋ ಅನ್ನುವ ಲೆಕ್ಕ ಬೇಕಿಲ್ಲ.

ಪಕ್ಕದಲ್ಲಿ 'ಔಟ್', 'ಅವೇ' ಬಂದರೆ ವಿಷಯ ಗಂಭೀರವಾಗುತ್ತದೆ. ಸದನದಿಂದ ವಾಕೌಟ್ ಅನ್ನುವುದು ಪೇಪರ್ ಓದುವವರಿಗೆಲ್ಲ ಗೊತ್ತು, ಕನ್ನಡದಲ್ಲಿ ಸಭಾತ್ಯಾಗ. ಅದಕ್ಕೆ ಇನ್ನೊಂದು 'ಆನ್' ಸೇರಿಸಿ 'ಹೀ ವಾಕ್ಟ್ ಔಟ್ ಆನ್ ಹಿಸ್ ಫ್ಯಾಮಿಲಿ' ಅಂದರೆ ಮನೆಯವರನ್ನು ನಡುನೀರಿನಲ್ಲಿ ಕೈಬಿಟ್ಟು ಹೋದ ಅಂತ. ಕೋರ್ಟಿನಲ್ಲಿ 'ವಾಕ್ಟ್ ಫ್ರೀ' ಅಂದರೆ ಶಿಕ್ಷೆಯಿಲ್ಲದೆ ಹೊರಬಂದ. ಏನೂ ಸೇರಿಸದೆ ಬರೀ 'ಐ ವಿಲ್ ವಾಕ್' ಅಂತ ನೌಕರ ಹೇಳಿದರೆ ರಾಜೀನಾಮೆಯ ಬೆದರಿಕೆಯೂ ಆಗಬಹುದು.

ಕ್ರಿಕೆಟ್ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಪೈರ್ ಬೆರಳೆತ್ತುವ ಮೊದಲೇ ಬ್ಯಾಟ್ಸ್‌ಮನ್ ತಾನು ಔಟ್ ಅಂತ ಒಪ್ಪಿಕೊಂಡು ಹೊರಟರೆ ಅವನು 'ವಾಕ್' ಮಾಡಿದ ಅನ್ನುತ್ತಾರೆ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಶ್ರೀಲಂಕಾ ಎದುರು, ಆ್ಯಡಂ ಗಿಲ್‌ಕ್ರಿಸ್ಟ್ ಹೊರಟದ್ದು ಹಾಗೆ. ಬೌಲರ್ ಅರವಿಂದ ಡಿಸಿಲ್ವ, ಕ್ಯಾಚ್ ಹಿಡಿದದ್ದು ಕೀಪರ್ ಸಂಗಕ್ಕಾರ, ಅಂಪೈರ್ ಔಟ್ ಕೊಟ್ಟಿರಲೇ ಇಲ್ಲ. ಔಟಾದ ಯಾವ ಬ್ಯಾಟ್ಸ್‌ಮನ್ನೇ ಆಗಲಿ ಪೆವಿಲಿಯನ್‌ಗೆ ನಡೆದುಕೊಂಡೇ ಹೋಗುತ್ತಾನೆ, ಆದರೆ ಅವರೆಲ್ಲ 'ವಾಕರ್' ಅಲ್ಲ. ಇದನ್ನು ಹೇಳಿದಾಗ ಗೋದಾಮಿನವರ ಮುಖ ಅರಳಿತು. ತನ್ನ ಮೀಟಿಂಗಿಗಿಂತ ಇವರದ್ದೇನು ಕಮ್ಮಿ ವಿಚಿತ್ರ ಅನ್ನುವ ಸಮಾಧಾನ ಇರಬೇಕು.

ಬಾಹ್ಯಾಕಾಶದ್ದು ಇನ್ನೂ ವಿಚಿತ್ರ. ಸೋವಿಯತ್ ಗಗನಯಾತ್ರಿ ಅಲೆಕ್ಸಿ ಲಿಯೊನೋವ್ 1965ರ ಮಾರ್ಚ್ 18ರಂದು ನೌಕೆಯಿಂದ ಹೊರಗೆ ಬಂದು ಸುಮಾರು 12 ನಿಮಿಷ ತೇಲಿದರು. ಕಾಲಿಡಲು ನೆಲವಿಲ್ಲ, ಹೆಜ್ಜೆಯಿಲ್ಲ, ಆದರೂ ಅದು 'ಸ್ಪೇಸ್‌ವಾಕ್'. ನಾವೂ ಬಾಹ್ಯಾಕಾಶ ನಡಿಗೆ ಅಂತಲೇ ಬರೆಯುತ್ತೇವೆ. (ಗಿಲ್‌ಕ್ರಿಸ್ಟ್ ಹೊರಟದ್ದೂ ಮಾರ್ಚ್ 18ರಂದೇ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಹೇಳದೆ ಇರಲಾಗಲಿಲ್ಲ.) ಅದೇ ಅಥ್ಲೆಟಿಕ್ಸಿನ ನಡಿಗೆ ಸ್ಪರ್ಧೆಗೆ ಹೋದರೆ ನಿಯಮ ಬಲು ಬಿಗಿ. ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದ ಒಮ್ಮೆಲೇ ನೆಲ ಬಿಡಬಾರದು, ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ದೇಹದ ಕೆಳಗೆ ನೇರವಾಗುವವರೆಗೂ ಮಂಡಿ ಬಾಗಬಾರದು. ಇಷ್ಟು ಕಟ್ಟುನಿಟ್ಟಾಗಿ ನಡೆದರೆ ನಮ್ಮಲ್ಲಿ ಯಾರೂ ಬಸ್ ಹಿಡಿಯಲಾರೆವು.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೂಲರೂಪಕ್ಕೆ ಉರುಳು, ಹೊರಳು ಅನ್ನುವ ಅರ್ಥವಿತ್ತು. ನೆಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ಹಾಕಿ ತುಳಿದು ಹದಮಾಡುವವರನ್ನು 'ವಾಕರ್' ಅನ್ನುತ್ತಿದ್ದರು. ಇಂದು ವಾಕರ್ ಅಂತ ಅಡ್ಡಹೆಸರು ಇರುವ ಎಷ್ಟೋ ಮನೆತನಗಳ ಹಿಂದೆ ಆ ತುಳಿಯುವ ಕಸುಬಿದೆ. 'ವಾಕೋವರ್' ಬಂದದ್ದು ಕುದುರೆ ರೇಸಿನಿಂದ: ಎದುರಾಳಿ ಕುದುರೆಯೇ ಇಲ್ಲದಿದ್ದರೆ ಇದ್ದ ಒಂದು ಕುದುರೆ ಟ್ರ್ಯಾಕ್ ಮೇಲೆ ಸುಮ್ಮನೆ ನಡೆದು ಹೋದರೂ ಗೆಲುವು. ಇದು ಪರೀಕ್ಷೆಗೆ ಬರುವುದಿಲ್ಲ ಅಂದೆ. ಎಲ್ಲರೂ ಬರೆದುಕೊಂಡರು.

ಬೆಲ್ ಹೊಡೆಯಲು ಇನ್ನೂ ಸಮಯವಿತ್ತು. ನಾವು ದಿನಾ ಹೇಳುವ ಒಂದನ್ನಾದರೂ ನೆಟ್ಟಗೆ ಮಾಡೋಣ ಅಂತ 'ಐ ವೆಂಟ್ ಫಾರ್ ವಾಕಿಂಗ್' ಎತ್ತಿಕೊಂಡೆ. 'ವೆಂಟ್ ಫಾರ್ ಎ ವಾಕ್' ಅನ್ನಿ, ಇಲ್ಲವೇ 'ವೆಂಟ್ ವಾಕಿಂಗ್' ಅನ್ನಿ, ಎರಡನ್ನೂ ಬೆರೆಸಬೇಡಿ. ಹೇಳುತ್ತಿರುವಾಗಲೇ ಹೊಳೆಯಿತು. ಕನ್ನಡಕ್ಕೆ ಬಂದ 'ವಾಕಿಂಗ್' ಇಂಗ್ಲಿಷಿನ ಅರ್ಥಗಳಲ್ಲಿ ಒಂದನ್ನು ಮಾತ್ರ ಹೊತ್ತು ತಂದಿದೆ. ಬಸ್ ತಪ್ಪಿ ಮನೆಗೆ ನಡೆದವರು 'ವಾಕಿಂಗ್ ಮಾಡಿದೆ' ಅನ್ನುವುದಿಲ್ಲ. ಶುಗರ್ ಬಂತು ಅಂತ ಡಾಕ್ಟರ್ ಹೇಳಿದ ಮೇಲೆ, ಶೂ ಹಾಕಿಕೊಂಡು, ಹೊರಟ ಜಾಗಕ್ಕೇ ವಾಪಸ್ ಬರುವುದು ಮಾತ್ರ ವಾಕಿಂಗ್. ಅನಿವಾರ್ಯದ ನಡಿಗೆಗೆ ಕನ್ನಡವೇ ಸಾಕು. ಬೇಕೆಂದು ನಡೆಯುವುದಕ್ಕೆ ಮಾತ್ರ ಇಂಗ್ಲಿಷ್ ಬೇಕಾಗಿದೆ.

ಅದನ್ನೇ ಪರೀಕ್ಷಿಸಲು, ನಿಮ್ಮಲ್ಲಿ ಯಾರು ದಿನಾ ವಾಕಿಂಗ್ ಮಾಡ್ತೀರಿ ಅಂತ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಮುಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಚಪ್ಪಲಿಯನ್ನು ಕಾಲಿನಿಂದ ಹತ್ತಿರ ಎಳೆದುಕೊಳ್ಳುತ್ತ ಹೇಳಿದರು: "ಎಲ್ಲಿ ಪುರುಸೊತ್ತು ಮೇಡಂ? ಫ್ಯಾಕ್ಟರಿಗೂ ನಡ್ಕೊಂಡೇ ಹೋಗ್ಬೇಕು, ಇಲ್ಲಿಗೂ ನಡ್ಕೊಂಡೇ ಬರ್ಬೇಕು."